ನಿಜ ಎಂದು ಹೇಳಿಕೊಳ್ಳುವ ಪುಸ್ತಕಗಳು: ಕ್ರೈಂನಿಂದ ವ್ಯಕ್ತಿತ್ವ ವಿಕಸನದವರೆಗೆ ನೀವು ಹೇಗೆ ಓದುತ್ತೀರಿ?

ಬಳ್ಳಾರಿ ಓದುಗ

ಈಚೆಗೆ ಕಥೆ, ಕಾದಂಬರಿ ಪಕ್ಕಕ್ಕಿಟ್ಟು ನಾನ್ ಫಿಕ್ಷನ್ ಓದುತ್ತಿದ್ದೇನೆ. ಅದರಲ್ಲೂ ಎರಡು ಬಗೆ ಜಾಸ್ತಿ. ಒಂದು, ನಿಜವಾಗಿ ನಡೆದ ಅಪರಾಧಗಳ ಪುಸ್ತಕ. ಇನ್ನೊಂದು, ವ್ಯಕ್ತಿತ್ವ ವಿಕಸನದ್ದು. ಮೇಲ್ನೋಟಕ್ಕೆ ಎರಡಕ್ಕೂ ಸಂಬಂಧ ಇಲ್ಲ. ಆದರೆ ‘ಇದು ನಿಜ’ ಅಂತ ಮಾತು ಕೊಟ್ಟೇ ಎರಡೂ ನಮ್ಮ ಕೈಗೆ ಬರುತ್ತವೆ. ಹಾಗಾಗಿ ಎರಡಕ್ಕೂ ಎರಡು ಪ್ರಶ್ನೆ ಕೇಳಲೇಬೇಕು ಅನ್ನುವುದು ನನ್ನ ಮಾತು. ಇದು ನಿಮಗೆ ಹೇಗೆ ಗೊತ್ತಾಯಿತು? ಇದರಲ್ಲಿ ಯಾರನ್ನು ಬಿಟ್ಟಿದ್ದೀರಿ?

ನನಗೆ ಈ ಯೋಚನೆ ಹುಟ್ಟಿಸಿದ್ದು ಹ್ಯಾಲಿ ರೂಬೆನ್‌ಹೋಲ್ಡ್ ಅವರ ‘ದಿ ಫೈವ್’. 2019ರಲ್ಲಿ ಬಂತು. ಅದೇ ವರ್ಷ ಬೇಲಿ ಗಿಫರ್ಡ್ ಪ್ರಶಸ್ತಿಯೂ ಬಂತು. 1888ರಲ್ಲಿ ಲಂಡನ್ನಿನಲ್ಲಿ ಐದು ಹೆಂಗಸರ ಕೊಲೆ ಆಯಿತು. ಕೊಂದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ‘ಜಾಕ್ ದಿ ರಿಪ್ಪರ್’ ಅಂತ ಅವನಿಗೊಂದು ಹೆಸರು ಬಿತ್ತು, ಅವನ ಮೇಲೆ ರಾಶಿ ರಾಶಿ ಪುಸ್ತಕ ಬಂದವು. ಸತ್ತ ಹೆಂಗಸರು ಯಾರು? ‘ವೇಶ್ಯೆಯರು’ ಅಂತ ಒಂದೇ ಪದದಲ್ಲಿ ಮುಗಿಸಿಬಿಟ್ಟರು.

ಈ ಲೇಖಕಿ ಕೊಲೆಗಾರನನ್ನು ಬಿಟ್ಟೇಬಿಟ್ಟರು. ಕೊಲೆ ಹೇಗಾಯಿತು ಅಂತ ವರ್ಣನೆ ಕೂಡ ಇಲ್ಲ. ಐದು ಜನರ ಹುಟ್ಟು, ಮದುವೆ, ಮಕ್ಕಳು, ದುಡಿಮೆ, ಕುಡಿತ ಎಲ್ಲ ದಾಖಲೆಗಳಿಂದ ಹುಡುಕಿ ಬರೆದರು. ಪಾಲಿ ನಿಕಲ್ಸ್ ಕಮ್ಮಾರನ ಮಗಳು. ಆನಿ ಚಾಪ್‌ಮನ್ ಗಂಡ ಸಾರೋಟು ಓಡಿಸುವವನು, ಆಕೆಯ ಸಂಸಾರ ಕುಡಿತದಿಂದ ಮುರಿಯಿತು. ಎಲಿಜಬೆತ್ ಸ್ಟ್ರೈಡ್ ಸ್ವೀಡನ್‌ನಿಂದ ಬಂದವಳು. ಐವರಲ್ಲಿ ಮೂವರು ಮೈ ಮಾರುತ್ತಿದ್ದರು ಅನ್ನುವುದಕ್ಕೆ ಪುರಾವೆಯೇ ಇಲ್ಲ ಅನ್ನುವುದು ಲೇಖಕಿಯ ವಾದ. ಮನೆ ಇಲ್ಲದೆ ರಾತ್ರಿ ಬೀದಿಯಲ್ಲಿ ಮಲಗಿದ ಬಡ ಹೆಂಗಸಿಗೆ ಆ ಕಾಲದ ಪೊಲೀಸರು, ಪತ್ರಿಕೆಗಳು ಆ ಹೆಸರು ಕೊಟ್ಟವು. ಮುಂದೆ ಬರೆದವರು ಅದನ್ನೇ ನಕಲು ಮಾಡಿದರು.

ಇದಾದ ಮೇಲೆ ಟ್ರೂಮನ್ ಕಪೋಟಿಯ ‘ಇನ್ ಕೋಲ್ಡ್ ಬ್ಲಡ್’ ಮತ್ತೆ ಓದಿದೆ. 1959ರ ನವೆಂಬರಿನಲ್ಲಿ ಅಮೆರಿಕದ ಕಾನ್ಸಾಸ್‌ನ ಒಂದು ಹಳ್ಳಿಯಲ್ಲಿ ಒಂದೇ ಮನೆಯ ನಾಲ್ವರನ್ನು ಕೊಂದ ಕಥೆ. ಬರವಣಿಗೆ ಅದ್ಭುತ, ಅದನ್ನು ಅಲ್ಲಗಳೆಯಲಾರೆ. ಆದರೆ ಕೊನೆಯಲ್ಲಿ ಸ್ಮಶಾನದಲ್ಲಿ ತನಿಖಾಧಿಕಾರಿ ಮತ್ತು ಸತ್ತ ಹುಡುಗಿಯ ಗೆಳತಿ ಭೇಟಿಯಾಗುವ ದೃಶ್ಯ ಇದೆಯಲ್ಲ, ಅದು ನಡೆದೇ ಇಲ್ಲ. ಪುಸ್ತಕ ಚೆನ್ನಾಗಿ ಮುಗಿಯಲಿ ಅಂತ ಕಟ್ಟಿದ್ದು. ಕಾದಂಬರಿ ಅಂದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಸತ್ತವರ ನಿಜ ಹೆಸರು ಇಟ್ಟುಕೊಂಡು ಹೀಗೆ ಮಾಡುವುದು ತಪ್ಪು.

ನೀವೆಲ್ಲ ಏನು ಓದುತ್ತಿದ್ದೀರಿ? ಯಾವುದನ್ನು ನಂಬುತ್ತೀರಿ?

ಸಿಂಧನೂರು ಅಕ್ಕ

ಒಳ್ಳೆಯ ಮಾತು ಎತ್ತಿದ್ದೀರಿ. ‘ದಿ ಫೈವ್’ ನಾನೂ ಓದಿದ್ದೇನೆ. ಅದನ್ನು ಓದಿ ಮುಗಿಸಿದಾಗ ಕೊಲೆಗಾರ ಯಾರು ಅನ್ನುವ ಪ್ರಶ್ನೆಯೇ ಸಣ್ಣದು ಅನಿಸಿತ್ತು.

ಆದರೆ ಕ್ರೈಂ ಪುಸ್ತಕ ಅಂದರೆ ಇಂಗ್ಲಿಷಿನದಷ್ಟೇ ಅಲ್ಲ, ಅಲ್ವಾ? ಕನ್ನಡದಲ್ಲಿ ಈ ಬರವಣಿಗೆಗೆ ಓದುಗರನ್ನು ಕಟ್ಟಿದವರು ನಿಮ್ಮ ಊರಿನವರೇ. ರವಿ ಬೆಳಗೆರೆ ಹುಟ್ಟಿದ್ದು ಬಳ್ಳಾರಿಯಲ್ಲಿ, 1958ರಲ್ಲಿ. 1995ರಲ್ಲಿ ‘ಹಾಯ್ ಬೆಂಗಳೂರ್’ ವಾರಪತ್ರಿಕೆ ಶುರು ಮಾಡಿದರು. ಭೂಗತ ಲೋಕದ ಮೇಲೆ ‘ಪಾಪಿಗಳ ಲೋಕದಲ್ಲಿ’ ಬರೆದರು. ಅದೇ ಮನುಷ್ಯ ‘ಓ ಮನಸೇ’ ಪತ್ರಿಕೆ ತಂದರು, ‘ಬಾಟಮ್ ಐಟಮ್’ ಬರೆದರು. ಅಂದರೆ ನೀವು ಹೇಳುವ ಎರಡೂ ಬಗೆ, ಅಪರಾಧವೂ ಬದುಕಿನ ಬುದ್ಧಿಮಾತೂ, ಒಂದೇ ಕೈಯಿಂದ ಬಂದವು. ನಮ್ಮ ಕಡೆ ಪುಸ್ತಕವನ್ನೇ ಮುಟ್ಟದ ಎಷ್ಟೋ ಜನ ಆ ಬರಹ ಹಿಡಿದು ಓದುವುದಕ್ಕೆ ಕೂತರು. ಆ ವೇಗ, ಆ ಮಾತಿನ ಧಾಟಿ ನನಗೆ ಇವತ್ತಿಗೂ ಇಷ್ಟ. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಇನ್ನೊಂದು ಬಗೆ. ಅಲ್ಲಿ ಬರೆದವರೇ ಆ ಲೋಕದ ಒಳಗಿದ್ದವರು. ‘ಹೇಗೆ ಗೊತ್ತಾಯಿತು’ ಅನ್ನುವ ನಿಮ್ಮ ಮೊದಲ ಪ್ರಶ್ನೆಗೆ ಅಲ್ಲಿ ನೇರ ಉತ್ತರ ಇದೆ. ಎರಡನೆಯ ಪ್ರಶ್ನೆಗೆ ಮಾತ್ರ ಅಷ್ಟು ಉತ್ತರ ಸಿಗುವುದಿಲ್ಲ. ಸತ್ತವರ ಮನೆಯವರು, ಅವರ ತಾಯಂದಿರು ಇಂಥ ಕಥೆಗಳ ಅಂಚಿನಲ್ಲೇ ಉಳಿಯುತ್ತಾರೆ.

ಹೆಂಗಸರು ಕ್ರೈಂ ಯಾಕೆ ಇಷ್ಟೊಂದು ಓದುತ್ತಾರೆ ಅಂತ ಗಂಡಸರು ಕೇಳುತ್ತಾರೆ. ನನ್ನ ಮಟ್ಟಿಗೆ ಕಾರಣ ಸರಳ. ಭಯ ನಮ್ಮ ಜೊತೆ ದಿನಾ ಇದೆ. ಅದು ಹೇಗೆ ಬರುತ್ತದೆ, ಯಾವ ಮುಖ ಹಾಕಿಕೊಂಡು ಬರುತ್ತದೆ ಅಂತ ತಿಳಿದುಕೊಂಡರೆ ಸ್ವಲ್ಪ ಧೈರ್ಯ. ಮಿಶೆಲ್ ಮೆಕ್‌ನಮಾರಾ ಅವರ ಪುಸ್ತಕ ಓದಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ವರ್ಷ ಮನೆಗೆ ನುಗ್ಗಿ ಅತ್ಯಾಚಾರ, ಕೊಲೆ ಮಾಡಿದವನ ಬೆನ್ನು ಹತ್ತಿದವರು. 2016ರಲ್ಲಿ ಆಕೆ ತೀರಿಕೊಂಡರು. ಉಳಿದ ಕೆಲಸವನ್ನು ಜೊತೆಗಾರರು ಮುಗಿಸಿದರು, 2018ರ ಫೆಬ್ರವರಿಯಲ್ಲಿ ಪುಸ್ತಕ ಬಂತು. ಏಪ್ರಿಲ್‌ನಲ್ಲಿ ಆತ ಸಿಕ್ಕಿಬಿದ್ದ. ಯಾರವನು? ಹಿಂದೆ ಪೊಲೀಸ್ ಆಗಿದ್ದವನು! ಅವನು ಸಿಕ್ಕಿದ್ದು ಪುಸ್ತಕದಿಂದ ಅಲ್ಲ, ವಂಶಾವಳಿ ಹುಡುಕುವ ಡಿಎನ್‌ಎ ಮಾಹಿತಿಯಿಂದ. ಆದರೂ ಆ ಕೇಸನ್ನು ಜನ ಮರೆಯದಂತೆ ಮಾಡಿದ್ದು ಆಕೆ. ಈ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದಿದ್ದಾರೆ.

ಗಂಗಾವತಿ ಹುಡುಗ

ಅಣ್ಣ, ಅಕ್ಕ, ನಮಸ್ಕಾರ. ನಾನು ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವನು. ನನಗೆ ಕ್ರೈಂ ಬೇಡ, ವ್ಯಕ್ತಿತ್ವ ವಿಕಸನವೇ ಬೇಕು. ಈ ಪುಸ್ತಕಗಳ ಬಗ್ಗೆ ಓದಿಕೊಂಡವರು ಹಗುರವಾಗಿ ಮಾತಾಡುತ್ತಾರೆ. ಅದು ನನಗೆ ನೋವಾಗುತ್ತದೆ.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹೇಗೆ ಕೂತು ಓದಬೇಕು, ದಿನ ಹೇಗೆ ಹಂಚಿಕೊಳ್ಳಬೇಕು ಅಂತ ಹೇಳುವವರು ಯಾರೂ ಇರಲಿಲ್ಲ. ಜೇಮ್ಸ್ ಕ್ಲಿಯರ್ ಬರೆದ ‘ಅಟಾಮಿಕ್ ಹ್ಯಾಬಿಟ್ಸ್’ ಹೇಳಿತು: ಕೆಟ್ಟ ಚಟ ಬಿಡಬೇಕಾದರೆ ಮನಸ್ಸಿನ ಜೊತೆ ಗುದ್ದಾಡಬೇಡ, ಅದು ಕಣ್ಣಿಗೆ ಬೀಳದ ಹಾಗೆ ಮಾಡು. ಮೊಬೈಲನ್ನು ಅವ್ವನ ಕೈಯಲ್ಲಿ ಕೊಟ್ಟು ಲೈಬ್ರರಿಗೆ ಹೋಗುವುದು ರೂಢಿ ಮಾಡಿಕೊಂಡೆ. ಓದು ನಿಂತಿತು. ಅಂದರೆ ತಲೆಯಲ್ಲಿ ನಿಂತಿತು. ದುಡ್ಡಿದ್ದವರು ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿ ಕೋಚಿಂಗ್ ಹೋಗುತ್ತಾರೆ. ನನಗೆ ಈ ಪುಸ್ತಕವೇ ಕೋಚಿಂಗ್. ಅದರಲ್ಲಿ ಯಾರನ್ನು ಬಿಟ್ಟಿದ್ದಾರೆ ಅಂತ ನಾನು ಯಾಕೆ ಕೇಳಲಿ?

ಬಳ್ಳಾರಿ ಓದುಗ

ತಮ್ಮ, ನಿನ್ನ ಮಾತು ಪೂರ್ತಿ ಒಪ್ಪುತ್ತೇನೆ. ಮೊಬೈಲ್ ದೂರ ಇಟ್ಟರೆ ಓದು ಆಗುತ್ತದೆ ಅನ್ನುವುದನ್ನು ನೀನೇ ಮಾಡಿ ನೋಡಿದ್ದೀಯ. ಅದಕ್ಕಿಂತ ದೊಡ್ಡ ಪುರಾವೆ ಬೇಡ. ನನ್ನ ತಕರಾರು ಇರುವುದು ಉಪಾಯಗಳ ಮೇಲೆ ಅಲ್ಲ. ಆ ಉಪಾಯದ ಜೊತೆ ಕಟ್ಟಿಕೊಡುವ ದೊಡ್ಡ ದೊಡ್ಡ ಮಾತುಗಳ ಮೇಲೆ.

ಅದೇ ಪುಸ್ತಕದಲ್ಲಿ ಒಂದು ಲೆಕ್ಕ ಇದೆ. ದಿನಾ ಶೇಕಡಾ 1ರಷ್ಟು ಸುಧಾರಿಸಿದರೆ ವರ್ಷದ ಕೊನೆಗೆ 37 ಪಟ್ಟು ಮೇಲಾಗುತ್ತೀರಿ ಅಂತ. 1.01 ಅನ್ನು 365 ಸಲ ಗುಣಿಸಿದರೆ 37.78 ಬರುತ್ತದೆ, ಲೆಕ್ಕ ಸರಿ. ಆದರೆ ಮನುಷ್ಯ ಬ್ಯಾಂಕಿನ ಚಕ್ರಬಡ್ಡಿ ಅಲ್ಲ. ಯಾರ ಓದೂ ವರ್ಷಕ್ಕೆ 37 ಪಟ್ಟು ಆಗುವುದಿಲ್ಲ. ಆಗದಿದ್ದಾಗ ಹುಡುಗರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ನನಗೆ ಸಂಕಟ ಆಗುವುದು ಅಲ್ಲಿ.

‘ಹತ್ತು ಸಾವಿರ ಗಂಟೆ’ ಮಾತು ಕೇಳಿರುತ್ತೀಯ. ಯಾವ ವಿದ್ಯೆಯಾದರೂ ಅಷ್ಟು ಹೊತ್ತು ಸಾಧನೆ ಮಾಡಿದರೆ ಕೈಗೆ ಬರುತ್ತದೆ ಅಂತ. 2008ರಲ್ಲಿ ಮಾಲ್ಕಮ್ ಗ್ಲ್ಯಾಡ್‌ವೆಲ್ ಅದನ್ನು ಮನೆಮಾತು ಮಾಡಿದರು. ಅದರ ಮೂಲ 1993ರ ಒಂದು ಅಧ್ಯಯನ. ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ಹತ್ತು ಸಾವಿರ ಅನ್ನುವುದು 20ನೇ ವಯಸ್ಸಿಗೆ ಒಳ್ಳೆಯ ಗುಂಪಿನ ಸರಾಸರಿ ಅಷ್ಟೇ, ಆ ಗುಂಪಿನಲ್ಲೇ ಅರ್ಧ ಜನ ಅಷ್ಟು ಮುಟ್ಟಿರಲಿಲ್ಲ ಅಂತ ಎರಿಕ್ಸನ್ ತಾವೇ 2016ರ ತಮ್ಮ ಪುಸ್ತಕದಲ್ಲಿ ಬರೆದರು. ಗಂಟೆಗಿಂತ ಮುಖ್ಯ, ತಿದ್ದುವ ಗುರು ಬೇಕು ಅಂದರು. ಮೂಲ ಸಂಶೋಧಕರ ಮಾತು ಹಿಂದೆ ಬಿತ್ತು. ಹತ್ತು ಸಾವಿರ ಅನ್ನುವ ಸಂಖ್ಯೆ ಮಾತ್ರ ಊರೆಲ್ಲ ತಿರುಗಿತು.

ಇನ್ನೊಂದು, ಮಾರ್ಷ್‌ಮೆಲ್ಲೋ ಪರೀಕ್ಷೆ. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಷೆಲ್ ಮಾಡಿದ್ದು. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ‘ಈಗಲೇ ತಿನ್ನಬಹುದು, ಕಾಯ್ದರೆ ಎರಡು ಕೊಡುತ್ತೇನೆ’ ಅನ್ನುವುದು. ಕಾಯ್ದ ಮಕ್ಕಳು ದೊಡ್ಡವರಾದ ಮೇಲೆ ಓದಿನಲ್ಲಿ ಮುಂದೆ ಬಂದರು ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. 2018ರಲ್ಲಿ ಬೇರೆಯವರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ಮತ್ತೆ ನೋಡಿದರು. ಮನೆಯ ಸ್ಥಿತಿಗತಿ ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಆ ಸಂಬಂಧ ಬಹಳ ಇಳಿದುಹೋಯಿತು. ಇದಕ್ಕೂ ಮೊದಲು ಸೆಲೆಸ್ಟ್ ಕಿಡ್ ಅನ್ನುವ ಸಂಶೋಧಕಿ ಇನ್ನೊಂದು ಕೆಲಸ ಮಾಡಿದ್ದರು. ಕೆಲವು ಮಕ್ಕಳಿಗೆ ಮೊದಲೇ ಕೊಟ್ಟ ಮಾತು ತಪ್ಪಿದರು, ಕೆಲವರಿಗೆ ಉಳಿಸಿಕೊಂಡರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರ ಎದುರು ಮಕ್ಕಳು ಸರಾಸರಿ 12 ನಿಮಿಷ ಕಾಯ್ದವು. ಮಾತು ತಪ್ಪಿದವರ ಎದುರು 3 ನಿಮಿಷ.

ಇದನ್ನು ನಮ್ಮ ಕಾಲುವೆ ಕೊನೆಭಾಗದ ರೈತರಿಗೆ ಹೇಳಿ ನೋಡು, ತಕ್ಷಣ ಅರ್ಥ ಆಗುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ, ನೀರು ಬರುತ್ತದೋ ಇಲ್ಲವೋ ಅಂತ ಇಡೀ ಎಡದಂಡೆ, ಬಲದಂಡೆ ಕಂಗಾಲಾಗಿತ್ತು. ನೀರಿನ ಭರವಸೆ ಇಲ್ಲದವನು ಮುಂದಿನ ಬೆಳೆಗೆ ಕಾಯದೆ ಗುಳೆ ಹೋದರೆ ಅದು ಅವನ ಸಂಯಮದ ಕೊರತೆ ಅಲ್ಲ. ಪುಸ್ತಕದಲ್ಲಿ ಬಿಟ್ಟವರು ಇವರು, ತಮ್ಮ.

ಲಿಂಗಸುಗೂರು ವಕೀಲ

ಚರ್ಚೆ ಚೆನ್ನಾಗಿದೆ. ಕ್ರೈಂ ಪುಸ್ತಕಗಳ ಬಗ್ಗೆ ಕೋರ್ಟಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ.

ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಅವನ ವಿರುದ್ಧ ನಡೆಯುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹಾಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಹೊಡೆದು ಹೇಳಿಸಿರಬಹುದು ಅನ್ನುವ ಭಯದಿಂದಲೇ ಈ ನಿಯಮ ಇರುವುದು. ಆದರೆ ಟಿವಿಯಲ್ಲಿ, ಪುಸ್ತಕದಲ್ಲಿ ಮೊದಲು ಬರುವುದು ಅದೇ ತಪ್ಪೊಪ್ಪಿಗೆ! ಓದುಗರು ಅದನ್ನೇ ಸತ್ಯ ಅಂದುಕೊಳ್ಳುತ್ತಾರೆ. ದೋಷಾರೋಪ ಪಟ್ಟಿ ಒಂದು ಕಡೆಯವರ ಕಥೆ. ಪಾಟಿ ಸವಾಲು ಆದ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದೇ ಮುಖ್ಯ.

ಆರುಷಿ ಪ್ರಕರಣ ನೋಡಿ. 2008ರ ಮೇನಲ್ಲಿ ನೋಯ್ಡಾದಲ್ಲಿ ಹುಡುಗಿ ಮತ್ತು ಮನೆಗೆಲಸದವರ ಕೊಲೆ. 2013ರಲ್ಲಿ ತಂದೆ ತಾಯಿಗೆ ಶಿಕ್ಷೆ. 2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟಿನಿಂದ ಬಿಡುಗಡೆ. ನಡುವೆ 2015ರಲ್ಲಿ ಅವಿರೂಕ್ ಸೇನ್ ಪುಸ್ತಕ ಬರೆದರು. ವಿಚಾರಣೆಗೆ ತಾವೇ ಹೋಗಿ ಕೂತು, ಸಾಕ್ಷಿಗಳನ್ನು ಕೇಳಿ ಬರೆದದ್ದು. ಅಷ್ಟರೊಳಗೆ ಟಿವಿಯವರು 13 ವರ್ಷದ ಆ ಹುಡುಗಿಯ ಬಗ್ಗೆ ಏನೇನು ಮಾತಾಡಿ ಮುಗಿಸಿದ್ದರು ಅನ್ನುವುದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ನಮ್ಮ ಪಕ್ಕದ್ದೇ ಹೇಳುತ್ತೇನೆ. ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್ 28ರಂದು ದಲಿತರ ಕೇರಿಗೆ ನುಗ್ಗಿ ಹೊಡೆದು ಗುಡಿಸಲಿಗೆ ಬೆಂಕಿ ಹಚ್ಚಿದರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ಕೋರ್ಟು 101 ಜನರನ್ನು ತಪ್ಪಿತಸ್ಥರು ಅಂತ ಹೇಳಿ, 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಪ್ರಕರಣ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಯಿತು. ಹತ್ತು ವರ್ಷ ಸಾಕ್ಷಿಗಳು ಅದೇ ಊರಿನಲ್ಲಿ, ಆರೋಪಿಗಳ ನಡುವೆಯೇ ಬದುಕಿದರು. ಲಂಡನ್ನಿನ ಐದು ಹೆಂಗಸರ ಬಗ್ಗೆ ಬಂದಷ್ಟು ಶ್ರದ್ಧೆಯ ಪುಸ್ತಕ ಈ ಕೇರಿಯ ಬಗ್ಗೆ ಕನ್ನಡದಲ್ಲಿ ಬರಬೇಕು. ಓದುಗರಿಗೆ ಒಂದು ಸಲಹೆ: ಕೋರ್ಟಿನ ತೀರ್ಪುಗಳು ಇ-ಕೋರ್ಟ್ಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಭಾಷೆ ಒಣ ಇರುತ್ತದೆ, ಆದರೆ ಯಾರು ಏನು ಹೇಳಿದರು, ಅದನ್ನು ಯಾಕೆ ನಂಬಿದರು ಅಥವಾ ನಂಬಲಿಲ್ಲ ಅನ್ನುವುದು ಸಾಲು ಸಾಲಾಗಿ ಇರುತ್ತದೆ.

ಸಂಡೂರು ಗುಡ್ಡ

ವಕೀಲ ಸರ್ ಹೇಳಿದ್ದು ಓದಿ ನನಗೆ ಅಕ್ರಮ ಗಣಿಗಾರಿಕೆಯ ಮೇಲಿನ ಲೋಕಾಯುಕ್ತ ವರದಿ ನೆನಪಾಯಿತು. ನಮ್ಮ ಜಿಲ್ಲೆಯ ದೊಡ್ಡ ಕ್ರೈಂ ಪುಸ್ತಕ ಅಂದರೆ ಅದೇ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಮೊದಲ ಭಾಗ 2008ರ ಡಿಸೆಂಬರಿನಲ್ಲಿ, ಎರಡನೆಯದು 2011ರ ಜುಲೈನಲ್ಲಿ ಕೊಟ್ಟರು. ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ತನಿಖೆ ಮಾಡಿದ್ದು. ಪರ್ಮಿಟ್ ಎಷ್ಟು ಟನ್ನಿಗೆ ಕೊಟ್ಟಿದ್ದಾರೆ, ಬಂದರಿನಿಂದ ಎಷ್ಟು ಟನ್ ಹೋಗಿದೆ ಅಂತ ಎರಡು ಲೆಕ್ಕ ಪಕ್ಕಪಕ್ಕ ಇಟ್ಟರು. 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ಹೊರಗೆ ಹೋಗಿದೆ ಅಂದರು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ. ಅದೇ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು.

ಇಲ್ಲಿ ‘ಹೇಗೆ ಗೊತ್ತಾಯಿತು’ ಅನ್ನುವುದಕ್ಕೆ ಪುಟ ಪುಟದಲ್ಲೂ ಉತ್ತರ ಇದೆ. ಆದರೆ ಧೂಳು ಕುಡಿದ ನಾವು, ಮೆಣಸಿನಕಾಯಿ ಹೊಲ ಕೆಂಪಗಾದವರು, ಲಾರಿಗೆ ಸಿಕ್ಕು ಸತ್ತವರು, ಗಣಿ ನಿಂತಾಗ ಕೂಲಿ ಕಳೆದುಕೊಂಡವರು, ಈ ಕಥೆ ವರದಿಯ ಕೆಲಸ ಅಲ್ಲ. ಅದನ್ನು ಬರೆಯುವವರು ನಮ್ಮಲ್ಲೇ ಹುಟ್ಟಬೇಕು. ಆ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು, ಊರೂರು ತಿರುಗಿ, ಹೆಸರು ಹಿಡಿದು ಬರೆಯಬೇಕು.

ಮಸ್ಕಿ ಮೇಷ್ಟ್ರು

ವ್ಯಕ್ತಿತ್ವ ವಿಕಸನದ ಮಾತು ಬಂತಲ್ಲ, ನಮ್ಮ ಮೂರೂ ಜಿಲ್ಲೆಯ ಬಂಡೆಗಳ ಮೇಲೆ ಅದು 2,200 ವರ್ಷಕ್ಕೂ ಹಿಂದೆಯೇ ಕೆತ್ತಿದೆ. ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳದಲ್ಲಿ. ಅಶೋಕನ ಕಿರು ಬಂಡೆಶಾಸನ. ನಮ್ಮ ಮಕ್ಕಳಿಗೆ 1915ರಲ್ಲಿ ಮಸ್ಕಿಯಲ್ಲಿ ‘ಅಶೋಕ’ ಅನ್ನುವ ಹೆಸರು ಸಿಕ್ಕಿತು ಅನ್ನುವುದಷ್ಟೇ ಪಾಠ. ಶಾಸನ ಏನು ಹೇಳುತ್ತದೆ ಅನ್ನುವುದನ್ನು ಯಾರೂ ಓದಿಸುವುದಿಲ್ಲ.

ರಾಜ ಹೇಳುತ್ತಾನೆ: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಮೊದಲ ವರ್ಷ ಹೆಚ್ಚು ಶ್ರಮ ಪಡಲಿಲ್ಲ. ಆಮೇಲೆ ಶ್ರಮ ಪಟ್ಟೆ, ಫಲ ಕಂಡೆ. ಇದು ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವನೂ ಶ್ರಮ ಪಟ್ಟರೆ ಪಡೆಯಬಹುದು. ಸಾಮ್ರಾಟನೊಬ್ಬ ‘ನಾನು ಒಂದು ವರ್ಷ ಸಡಿಲ ಬಿಟ್ಟೆ’ ಅಂತ ಬಂಡೆಯ ಮೇಲೆ ಬರೆಸುವುದು ಸಣ್ಣ ಮಾತಲ್ಲ. ನೆಪೋಲಿಯನ್ ಹಿಲ್ 1937ರಲ್ಲಿ ಶ್ರೀಮಂತರಾಗುವ ಗುಟ್ಟು ಬರೆದ. ಅದನ್ನು ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ತನಗೆ ಹೇಳಿಕೊಟ್ಟ ಅಂದ. ಆ ಭೇಟಿಗೆ ಅವನ ಮಾತು ಬಿಟ್ಟರೆ ಬೇರೆ ಪುರಾವೆ ಇಲ್ಲ. ಕಾರ್ನೆಗಿ 1919ರಲ್ಲೇ ತೀರಿಕೊಂಡಿದ್ದ. ಬುದ್ಧಿ ಹೇಳುವವರು ತಮ್ಮ ಕಡೆಯ ಲೆಕ್ಕ ಮೊದಲು ಒಪ್ಪಿಸಲಿ.

ಈ ಕಾಲದಲ್ಲೂ ಹಾಗೆ ಮಾಡಿದವರಿದ್ದಾರೆ. ಡೇನಿಯಲ್ ಕಾನೆಮನ್, ನೊಬೆಲ್ ಪಡೆದವರು. ಅವರ 2011ರ ಪುಸ್ತಕದ ಒಂದು ಅಧ್ಯಾಯಕ್ಕೆ ಆಧಾರವಾದ ಪ್ರಯೋಗಗಳು ಗಟ್ಟಿ ಇಲ್ಲ ಅಂತ ಟೀಕೆ ಬಂತು. 2017ರಲ್ಲಿ ಅವರು, ಸಣ್ಣ ಸಣ್ಣ ಅಧ್ಯಯನಗಳ ಮೇಲೆ ಅತಿಯಾಗಿ ನಂಬಿಕೆ ಇಟ್ಟೆ ಅಂತ ಬಹಿರಂಗವಾಗಿ ಬರೆದರು. ಆ ಪುಸ್ತಕದ ಉಳಿದ ಭಾಗಗಳ ಮೇಲೆ ನನಗೆ ಗೌರವ ಹೆಚ್ಚಾಯಿತು.

ಗಂಗಾವತಿ ಹುಡುಗ

ಮೇಷ್ಟ್ರೇ, ಪಾಲ್ಕಿಗುಂಡು ಹತ್ತಿದ್ದೇನೆ. ಆದರೆ ಅದರಲ್ಲಿ ಈ ಮಾತು ಇದೆ ಅಂತ ಯಾರೂ ಹೇಳಿರಲಿಲ್ಲ.

ಅಣ್ಣ ಹೇಳಿದ್ದು ಯೋಚನೆಗೆ ಹಚ್ಚಿತು. ನಮ್ಮ ಓಣಿಯ ಇಬ್ಬರು ನೌಕರಿಗೆ ಸೇರಿದರು. ಇಬ್ಬರೂ ಕಷ್ಟಪಟ್ಟು ಓದಿದವರೇ. ಆದರೆ ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ಇರದಿದ್ದರೆ ಆ ಹುದ್ದೆ ನಮ್ಮ ಕಡೆಯವರಿಗೆ ಸಿಗುತ್ತಿತ್ತಾ? ಯಾವ ವ್ಯಕ್ತಿತ್ವ ವಿಕಸನದ ಪುಸ್ತಕವೂ ಈ ಮಾತು ಹೇಳಲಿಲ್ಲ. ಶ್ರಮ ಇಬ್ಬರದೂ ಇತ್ತು, ಬಾಗಿಲೂ ತೆರೆದಿತ್ತು.

ಒಂದು ಕೇಳುತ್ತೇನೆ. ನಾನು ಓದುವ ಕನ್ನಡ ಪುಸ್ತಕಗಳಲ್ಲಿ ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಅಂತ ಇರುತ್ತದೆ. ಯಾವ ವಿಜ್ಞಾನಿ, ಯಾವ ವರ್ಷ ಅಂತ ಇರುವುದಿಲ್ಲ. ಅಂಥದ್ದನ್ನು ಏನು ಮಾಡಲಿ?

ಸಿಂಧನೂರು ಅಕ್ಕ

ತಮ್ಮ, ಬಾಗಿಲಿನ ಮಾತು ಸರಿಯಾಗಿ ಹೇಳಿದೆ. ಅದು ಹೇಗೆ ತೆರೆಯಿತು ಅಂತ ಗೊತ್ತಾಗಬೇಕಾದರೆ ನಂಜುಂಡಪ್ಪ ಸಮಿತಿಯ ವರದಿ ಓದು, 2002ರದ್ದು. ರಾಜ್ಯದಲ್ಲಿ 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂತ ಲೆಕ್ಕ ಹಾಕಿ ತೋರಿಸಿತು. 371ಜೆಗಾಗಿ ನಡೆದ ಹೋರಾಟಕ್ಕೆ ಬಲ ಕೊಟ್ಟದ್ದು ಇಂಥ ಲೆಕ್ಕಗಳೇ. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿ ಆಯಿತು. ನಿನ್ನ ಪರೀಕ್ಷೆಗೂ ಬರುತ್ತದೆ.

‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಅಂತಷ್ಟೇ ಇದ್ದರೆ ಆ ವಾಕ್ಯವನ್ನು ದಾಟಿ ಮುಂದೆ ಓದು. ಉಪಾಯ ನಿನಗೆ ಕೆಲಸ ಮಾಡಿದರೆ ಇಟ್ಟುಕೋ. ಪುಸ್ತಕದ ಹಿಂದೆ ಪ್ರಕಾಶಕರ ವಿಳಾಸ, ಫೋನು ಇರುತ್ತದೆ. ಯಾವ ಅಧ್ಯಯನ, ಯಾರು ಮಾಡಿದ್ದು ಅಂತ ಕೇಳಿ ಬರೆ. ನಾನು ಬರೆಯುತ್ತೇನೆ. ಒಂದಿಬ್ಬರು ಉತ್ತರ ಕೊಟ್ಟಿದ್ದಾರೆ. ಒಬ್ಬರು ಮುಂದಿನ ಮುದ್ರಣದಲ್ಲಿ ಟಿಪ್ಪಣಿ ಸೇರಿಸುತ್ತೇವೆ ಅಂದರು.

ಬಳ್ಳಾರಿ ಓದುಗ

ಅಕ್ಕ, ಹಾಗಾದರೆ ನಾವೆಲ್ಲ ಸೇರಿ ಬರೆಯೋಣ. ಈಚೆಗೆ ಓದಿದ ಕನ್ನಡ ಪುಸ್ತಕದಲ್ಲಿ ಮೂಲ ಕೊಡದ ಒಂದು ಮಾತನ್ನು ಪುಟ ಸಂಖ್ಯೆ ಜೊತೆ ಇಲ್ಲಿ ಹಾಕಿ. ವಕೀಲ ಸರ್, ಮರಕುಂಬಿ ತೀರ್ಪಿನ ಪ್ರತಿ ಹುಡುಕುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೀರಾ? ನಾನು ಮುಂದೆ ಓದುವುದು ಅದನ್ನೇ.